ಸದ್ದಿಲ್ಲದ ಜಿ-ಎಚ್



ಇಂಗ್ಲಿಷ್ ಕಲಿಯುವ ಮಕ್ಕಳನ್ನು ಗೋಳು ಹೊಯ್ದುಕೊಳ್ಳುವ ಒಂದು ಜೋಡಿ ಅಕ್ಷರವಿದೆ: ಜಿ ಮತ್ತು ಎಚ್. ರಾತ್ರಿ ಎಂಬ ಅರ್ಥದ 'ನೈಟ್' ಬರೆಯುವಾಗ ಎನ್-ಐ-ಜಿ-ಎಚ್-ಟಿ ಅನ್ನಬೇಕು. ಓದುವಾಗ ಜಿ-ಎಚ್ ನಾಪತ್ತೆ. ನಗು ಎಂಬ ಅರ್ಥದ 'ಲಾಫ್'ನಲ್ಲಿ ಅದೇ ಜೋಡಿಯನ್ನು 'ಫ' ಎಂದು ಓದಬೇಕು. ದೆವ್ವ ಅನ್ನುವ 'ಗೋಸ್ಟ್'ನಲ್ಲಿ ಬರೀ 'ಗ'. ಯಾಕೆ ಹೀಗೆ ಅಂತ ಮೇಷ್ಟರನ್ನು ಕೇಳಿದರೆ, 'ಅದು ಹಾಗೇ, ಉರು ಹೊಡಿ' ಅನ್ನುತ್ತಾರೆ. ಆದರೆ ಇದು ಯಾರದೋ ತಲೆಹರಟೆಯಲ್ಲ. ಒಂದೊಂದಕ್ಕೂ ಒಂದೊಂದು ಕಾರಣವಿದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನೈಟ್ ಇರಲಿಲ್ಲ, 'ನಿಹ್ತ್' ಇತ್ತು. ನಡುವಿನ ಆ 'ಹ್' ನಮ್ಮ ಹಕಾರದಷ್ಟು ಮೆತ್ತಗಿನದಲ್ಲ. ಉರ್ದು ಬಲ್ಲವರು 'ಖುದಾ' ಅನ್ನುವಾಗ ಮೊದಲಕ್ಷರ ಗಂಟಲನ್ನು ಕೆರೆದುಕೊಂಡು ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದು. ಜರ್ಮನರು ಇವತ್ತಿಗೂ ರಾತ್ರಿಗೆ 'ನಾಖ್ಟ್' ಅನ್ನುತ್ತಾರೆ. ಸಂಸ್ಕೃತದ 'ನಕ್ತ'ವೂ ಇದೇ ಬಳ್ಳಿಯದು. ರಾಕ್ಷಸರಿಗೆ ನಕ್ತಂಚರರು ಅನ್ನುವುದು ನಮಗೆ ಗೊತ್ತೇ ಇದೆ. ಮಗಳು ಎಂಬರ್ಥದ 'ಡಾಟರ್' ಪದದ ನಡುವೆಯೂ ಜಿ-ಎಚ್ ಇದೆ. ಅದು ಜರ್ಮನಿನಲ್ಲಿ 'ಟೊಖ್ಟರ್', ಸಂಸ್ಕೃತದಲ್ಲಿ 'ದುಹಿತೃ'. ಎಂಟಕ್ಕೆ ಇಂಗ್ಲಿಷಿನವರು 'ಏಟ್' ಎಂದರೆ ಜರ್ಮನರು 'ಅಖ್ಟ್', ನಾವು 'ಅಷ್ಟ'. ಇಂಗ್ಲಿಷ್ ಪದದೊಳಗೆ ಮೂಕವಾಗಿ ಕೂತ ಜಿ-ಎಚ್ ಎದುರಾದರೆ, ಜರ್ಮನ್ ಬಂಧುವಿನ ಬಾಯಲ್ಲಿ ಆ ಹಳೆಯ ಸದ್ದು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರ ಕೈಗೆ ಇಂಗ್ಲಿಷ್ ಬರವಣಿಗೆ ಬಂತು. ಈ ಗಂಟಲ ಸದ್ದಿಗೆ ಇಂಗ್ಲಿಷರು ಬಳಸುತ್ತಿದ್ದ 'ಯೋಗ್' ಎಂಬ ಅಕ್ಷರ, ನೋಡಲು 3ರ ಅಂಕಿಯ ಹಾಗೆ, ಅವರಿಗೆ ಹಿಡಿಸಲಿಲ್ಲ. ಅದರ ಜಾಗಕ್ಕೆ ನಿಧಾನವಾಗಿ ಜಿ-ಎಚ್ ಬಂದು ಕೂತಿತು. ಸ್ಕಾಟ್ಲೆಂಡಿನ ಮುದ್ರಕರು ಮಾತ್ರ ಯೋಗ್‌ನ ಅಚ್ಚುಮೊಳೆ ಇಲ್ಲದೆ ಅದಕ್ಕೆ ಜೆಡ್ ಹಾಕಿದರು. ಅದಕ್ಕೇ ಅಲ್ಲಿ 'ಮೆನ್‌ಜೀಸ್' ಎಂದು ಬರೆದಂತೆ ಕಾಣುವ ಮನೆತನದ ಹೆಸರನ್ನು ಇವತ್ತಿಗೂ ಎಷ್ಟೋ ಜನ 'ಮಿಂಗಿಸ್' ಅನ್ನುತ್ತಾರೆ.

ಅಂದರೆ ಲಿಪಿಕಾರರು ಜಿ-ಎಚ್ ಬರೆದಾಗ ಜನ ಅದನ್ನು ನಿಜವಾಗಿ ಉಚ್ಚರಿಸುತ್ತಿದ್ದರು. ಆಮೇಲೆ ಸದ್ದು ಸವೆಯಿತು. 17ನೆಯ ಶತಮಾನದ ಹೊತ್ತಿಗೆ ಲಂಡನ್ನಿನ ಮಾತಿನಲ್ಲಿ ಅದು ಇಲ್ಲವೆನ್ನುವಷ್ಟಾಗಿತ್ತು. ಹೋಗುವಾಗ ಹಿಂದಿನ ಸ್ವರವನ್ನು ಎಳೆದು ಹೋಯಿತು: ನಿಹ್ತ್ ಎಂಬುದು 'ನೀಟ್' ಆಯಿತು, ಆ ದೀರ್ಘ 'ಈ' ಮುಂದೆ 'ಐ' ಆಗಿ ನೈಟ್ ಹುಟ್ಟಿತು. ತುಟಿ ದುಂಡಗಾಗಿಸುವ ಸ್ವರದ ಪಕ್ಕದಲ್ಲಿದ್ದ ಕಡೆ ಕೆಲವೊಮ್ಮೆ ಅದು ಗಂಟಲು ಬಿಟ್ಟು ತುಟಿಗೇ ಬಂದು 'ಫ' ಆಯಿತು. ಕಾಫ್ ಅಂದರೆ ಕೆಮ್ಮು, ರಫ್ ಅಂದರೆ ಒರಟು, ಇನಫ್ ಅಂದರೆ ಸಾಕು: ಎಲ್ಲವೂ ಹೀಗೆ ಬಂದವು. ಆದರೆ ನೇಗಿಲು 'ಪ್ಲೌ' ಆಗಿಯೇ ಉಳಿಯಿತು, ಕಲಸಿದ ಹಿಟ್ಟು 'ಡೋ' ಆಯಿತು. ಒಂದೊಂದು ಸೀಮೆಯವರು ಒಂದೊಂದು ರೀತಿ ಅನ್ನುತ್ತಿದ್ದರು, ಯಾವ ಪದಕ್ಕೆ ಯಾರ ಉಚ್ಚಾರ ನಿಲ್ಲುತ್ತದೆ ಎಂಬುದಕ್ಕೆ ನಿಯಮವೇನೂ ಇರಲಿಲ್ಲ. ಆ ಹಿಟ್ಟನ್ನೇ ಉತ್ತರದವರು 'ಡಫ್' ಎಂದರು. ಅಲ್ಲಿಂದ ಬಂದ 'ಪ್ಲಮ್ ಡಫ್' ಎಂಬ ಸಿಹಿ ಕಡುಬಿನ ಹೆಸರು ಈಗಲೂ ಇದೆ.

ಸದ್ದು ಹೋಗುವುದು ನಮಗೇನು ಹೊಸದಲ್ಲ. ಹಳಗನ್ನಡದ 'ರಳ' ನಮ್ಮ ಬಾಯಿಂದ ಎಂದೋ ಮರೆಯಾಯಿತು, ಹಿಂದೆಯೇ ಅದರ ಅಕ್ಷರವೂ ಬಳಕೆ ತಪ್ಪಿತು. ಬಾಳು ಎಂದು ಬರೆಯುವ ಹುಡುಗನಿಗೆ ಅಲ್ಲಿ ಬೇರೊಂದು ಅಕ್ಷರವಿತ್ತು ಎಂಬುದೇ ತಿಳಿಯಬೇಕಿಲ್ಲ. ಇಂಗ್ಲಿಷಿನಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಸದ್ದು ಇನ್ನೂ ಪೂರ್ತಿ ಹೋಗುವ ಮೊದಲೇ ಅಚ್ಚುಯಂತ್ರ ಬಂತು.

ಅದನ್ನು ತಂದವನು ವಿಲಿಯಂ ಕ್ಯಾಕ್ಸ್‌ಟನ್. 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ. ಹುಟ್ಟಿನಿಂದ ಕೆಂಟ್ ಸೀಮೆಯವನಾದರೂ ವ್ಯಾಪಾರಕ್ಕೆಂದು ಹೋಗಿ ಆಯುಷ್ಯದ ಬಹುಭಾಗವನ್ನು ಬ್ರೂಜ್ ಮತ್ತು ಅದರ ಸುತ್ತಮುತ್ತ ಕಳೆದಿದ್ದ. ಅಲ್ಲಿನ ಫ್ಲೆಮಿಶ್ ಬರವಣಿಗೆಯಲ್ಲಿ 'ಗ' ಸದ್ದಿಗೆ ಜಿ-ಎಚ್ ಹಾಕುವ ರೂಢಿಯಿತ್ತು. ಆ ರೂಢಿ ಅವನ ಜೊತೆ ಕಡಲು ದಾಟಿತು. ಅಲ್ಲಿವರೆಗೆ ಜಿ-ಓ-ಎಸ್-ಟಿ ಆಗಿದ್ದ ಗೋಸ್ಟ್‌ಗೆ ನಡುವೆ ಎಚ್ ಸೇರಿತು. ಬಾತುಕೋಳಿಯ ಜಾತಿಯ 'ಗೂಸ್'ಗೂ, ಆಡು ಎಂಬರ್ಥದ 'ಗೋಟ್'ಗೂ ಅವನ ಪುಸ್ತಕಗಳಲ್ಲಿ ಎಚ್ ಅಂಟಿಕೊಂಡಿದ್ದುಂಟು. ಆಡು, ಬಾತು ಎಚ್ ಕೊಡವಿಕೊಂಡವು. ದೆವ್ವವನ್ನು ಮಾತ್ರ ಅದು ಬಿಡಲಿಲ್ಲ. ಅದರ ನೆಂಟಸ್ತಿಕೆಯಿಂದ, ಭಯಂಕರ ಎಂಬರ್ಥದ 'ಗ್ಯಾಸ್ಟ್ಲಿ'ಗೂ ಎಚ್ ಬಂತು.

ನನಗೆ ಎಲ್ಲಕ್ಕಿಂತ ತಮಾಷೆ ಅನ್ನಿಸುವುದು 'ಡಿಲೈಟ್', ಅಂದರೆ ಆನಂದ. ಅದು ಫ್ರೆಂಚಿನಿಂದ ಬಂದ ಪದ, ಗಂಟಲ ಸದ್ದಿನ ಸೋಂಕೇ ಅದಕ್ಕಿರಲಿಲ್ಲ. ಆದರೆ ಲೈಟ್, ನೈಟ್‌ಗಳ ಜೊತೆ ಪ್ರಾಸ ಕೂಡಿತಲ್ಲ, ಅವುಗಳ ಹಾಗೇ ಇರಲಿ ಎಂದು ಇಲ್ಲದ ಜಿ-ಎಚ್ ತುರುಕಿದರು.

ಈ ಜೋಡಿಯನ್ನು ಗೇಲಿ ಮಾಡುವವರಿಗೆ ಕೊರತೆಯಿಲ್ಲ. ಜಿ-ಎಚ್-ಓ-ಟಿ-ಐ ಎಂದು ಬರೆದು 'ಫಿಶ್' ಅಂದರೆ ಮೀನು ಎಂದು ಓದಬಹುದು ಎಂಬ ಚಟಾಕಿಯನ್ನು ಬರ್ನಾರ್ಡ್ ಷಾ ಹೆಸರಿಗೆ ಕಟ್ಟುತ್ತಾರೆ. ಇನಫ್‌ನಿಂದ 'ಫ', ವಿಮೆನ್‌ನಿಂದ 'ಇ', ನೇಷನ್‌ನಿಂದ 'ಶ' ಎಂಬ ಲೆಕ್ಕ. ಷಾ ಹುಟ್ಟುವ ಮೊದಲೇ, 1855ರ ಒಂದು ಪತ್ರದಲ್ಲಿ ಇದು ಇದೆ. ಅದೂ ಅಲ್ಲದೆ ಚಟಾಕಿ ಸರಿಯೂ ಅಲ್ಲ: ಇಂಗ್ಲಿಷ್ ಪದದ ಮೊದಲಲ್ಲಿ ಜಿ-ಎಚ್ ಎಂದೂ 'ಫ' ಆಗುವುದಿಲ್ಲ. ಮೊದಲಲ್ಲಿ ಬಂದರೆ ಅದು 'ಗ', ಮತ್ತು ಪದ ಬಹುಪಾಲು ಹೊರಗಿನದು. ಅರಬ್ಬಿಯಿಂದ 'ಗೂಲ್' ಎಂಬ ಹೆಣ ತಿನ್ನುವ ಭೂತ, ಇಟಲಿಯಿಂದ ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿ 'ಘೆಟ್ಟೋ', ನಮ್ಮ ಕಡೆಯಿಂದ ಘಾಟ್ ಮತ್ತು ಘೀ, ಅಂದರೆ ತುಪ್ಪ. ಘಟಪ್ರಭಾ ಎಂದೋ ರಾಘವೇಂದ್ರ ಎಂದೋ ಇಂಗ್ಲಿಷಿನಲ್ಲಿ ಬರೆಯುವಾಗ ಜಿ-ಎಚ್ ಮಹಾಪ್ರಾಣಕ್ಕೆ ನಿಲ್ಲುತ್ತದೆ. ಬರೆದದ್ದಕ್ಕೆ ತಕ್ಕ ಕೆಲಸವನ್ನು ಅದು ನಮ್ಮಲ್ಲೇ ಮಾಡುವುದು ಅನ್ನಬೇಕು.

ಇದನ್ನು ಕಿತ್ತು ಹಾಕಲು ದೊಡ್ಡವರೇ ಹೊರಟಿದ್ದರು. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣಾಲಯ ಬಳಸಬೇಕೆಂದು ಆಜ್ಞೆ ಮಾಡಿದರು. 'ಮೂಲಕ' ಎಂಬರ್ಥದ ಥ್ರೂ ಅದರಲ್ಲಿ ಟಿ-ಎಚ್-ಆರ್-ಯು. ಪತ್ರಿಕೆಗಳು ನಕ್ಕವು, ಕಾಂಗ್ರೆಸ್ ಅಡ್ಡ ಬಂತು, ವರ್ಷ ಮುಗಿಯುವುದರೊಳಗೆ ಅಧ್ಯಕ್ಷರು ಹಿಂದೆ ಸರಿದರು. 1934ರಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆ ತನ್ನದೇ ಪಟ್ಟಿ ಹಿಡಿದು ಹೊರಟಿತು. ಕೊನೆಯವರೆಗೂ ಉಳಿಸಿಕೊಂಡಿದ್ದ ಪದಗಳಲ್ಲಿ ಥ್ರೂ ಒಂದು. 1975ರಲ್ಲಿ ಅದನ್ನೂ ಕೈಬಿಟ್ಟಿತು. ಅಧ್ಯಕ್ಷರಿಂದ ಆಗದ್ದನ್ನು ಹೋಟೆಲಿನವರು ಮಾಡಿದರು: ಕಾರಿನಿಂದ ಇಳಿಯದೆ ತಿಂಡಿ ಕಟ್ಟಿಸಿಕೊಳ್ಳುವ 'ಡ್ರೈವ್ ಥ್ರೂ' ಕಿಟಕಿಗಳ ಬೋರ್ಡಿನಲ್ಲಿ ಈಗ ಹೆಚ್ಚಾಗಿ ಇರುವುದು ರೂಸ್‌ವೆಲ್ಟರ ಕಾಗುಣಿತವೇ.