ಹುಲ್ಲೂ ಬೆಳೆಯದ ಗುಡ್ಡಕ್ಕೆ ಯಾಕೆ ಹೋರಾಟ?



ಕಾರ್ಗಿಲ್ ಯುದ್ಧದ ಹೆಸರು ನೀವು ಕೇಳಿರುತ್ತೀರಿ. ಅದು 1999ರಲ್ಲಿ ನಡೆಯಿತು. ಭಾರತಕ್ಕೂ ಪಾಕಿಸ್ತಾನಕ್ಕೂ ಮೇ ತಿಂಗಳಿನಿಂದ ಜುಲೈವರೆಗೆ ಕಾಳಗ ಆಯಿತು. ಆ ಯುದ್ಧದಲ್ಲಿ ಒಂದು ಗುಡ್ಡದ ಹೆಸರು ಮುಖ್ಯ. ಅದೇ ತೋಲೋಲಿಂಗ್. ಅದು ಲಡಾಖ್‌ನ ದ್ರಾಸ್ ಎಂಬ ಊರಿನ ಹತ್ತಿರ ಇದೆ. ಎತ್ತರ ಸುಮಾರು 15,000 ಅಡಿ. ಅಲ್ಲಿ ಮರ ಇಲ್ಲ, ಬೆಳೆ ಇಲ್ಲ. ಬರೀ ಕಲ್ಲು, ಹಿಮ. "ಇಂಥಾ ಗುಡ್ಡಕ್ಕೆ ಯಾಕೆ ಜೀವ ಕೊಡಬೇಕು?" ಅಂತ ಕೇಳಿದರೆ ತಪ್ಪಲ್ಲ. ಉತ್ತರ ಹುಡುಕೋಣ ಬನ್ನಿ.

ಸಂತೆಗೆ ಹೋಗೋ ದಾರಿಯ ಪಕ್ಕ ಒಂದು ದಿಣ್ಣೆ ಇದೆ ಅಂತ ಇಟ್ಟುಕೊಳ್ಳಿ. ದಿಣ್ಣೆ ಮೇಲೆ ಒಬ್ಬ ಕವಣೆ ಹಿಡಿದು ಕೂತ. ಕೆಳಗೆ ಯಾರು ಹೋದರೂ ಕಲ್ಲು ಬೀಸ್ತಾನೆ. ಆಗ ಗಾಡಿ ಹೋಗುತ್ತಾ? ಜೋಳ, ಎಣ್ಣೆ, ಉಪ್ಪು ಊರಿಗೆ ಬರುತ್ತಾ? ದಿಣ್ಣೆಯಲ್ಲಿ ಏನೂ ಬೆಳೆಯಲ್ಲ, ನಿಜ. ಆದರೆ ದಿಣ್ಣೆ ಯಾರದೋ ದಾರಿ ಅವರದು.

ತೋಲೋಲಿಂಗ್ ಕೂಡ ಹಾಗೇ. ಅದರ ಕೆಳಗೆ ಶ್ರೀನಗರದಿಂದ ಲೇಹ್ ಪಟ್ಟಣಕ್ಕೆ ಹೋಗುವ ಹೆದ್ದಾರಿ ಇದೆ. ಆಗ ಚಳಿಗಾಲದಲ್ಲಿ ಹಿಮ ಬಿದ್ದು ಆ ರಸ್ತೆ ತಿಂಗಳುಗಟ್ಟಲೆ ಮುಚ್ಚುತ್ತಿತ್ತು. ಮನಾಲಿ ಕಡೆಯ ಇನ್ನೊಂದು ರಸ್ತೆಯೂ ಮುಚ್ಚುತ್ತಿತ್ತು. ನಾವು ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ, ಲಡಾಖ್‌ನವರು ಬೇಸಿಗೆಯಲ್ಲೇ ಚಳಿಗಾಲದ ದಿನಸಿ ತರಿಸಿ ಇಡಬೇಕಿತ್ತು. ಸೈನಿಕರ ಆಹಾರ, ಸೀಮೆಎಣ್ಣೆ, ಮದ್ದುಗುಂಡು ಕೂಡ ಅದೇ ದಾರಿಯಲ್ಲಿ ಹೋಗಬೇಕಿತ್ತು.

ಚಳಿಗಾಲದಲ್ಲಿ ಎರಡೂ ದೇಶದ ಸೈನಿಕರು ಎತ್ತರದ ಠಾಣೆ ಬಿಟ್ಟು ಕೆಳಗೆ ಇಳಿಯುತ್ತಿದ್ದರು. ಆ ಸಮಯ ನೋಡಿ ಪಾಕಿಸ್ತಾನದ ಸೈನಿಕರು ನಮ್ಮ ಕಡೆಯ ಗುಡ್ಡಗಳನ್ನು ಹತ್ತಿ ಕೂತರು. ಮೇ ತಿಂಗಳಲ್ಲಿ ಬಟಾಲಿಕ್ ಎಂಬಲ್ಲಿ ಒಬ್ಬ ಕುರಿಗಾಹಿ ಕಳೆದುಹೋದ ಯಾಕ್ ಹುಡುಕುತ್ತಾ ಹೋದ. ಯಾಕ್ ಅಂದರೆ ಅಲ್ಲಿನ ದನ. ಗುಡ್ಡದ ಮೇಲೆ ಗುರುತಿಲ್ಲದ ಜನರನ್ನು ಕಂಡ. ಸೈನ್ಯಕ್ಕೆ ಸುದ್ದಿ ಮುಟ್ಟಿಸಿದ. ಪಾಕಿಸ್ತಾನ ಮೊದಲು "ಅವರು ನಮ್ಮ ಸೈನಿಕರಲ್ಲ" ಅಂತು. ಆಮೇಲೆ ನಿಜ ಗೊತ್ತಾಯಿತು.

ಎರಡು ದೇಶಗಳ ನಡುವೆ ನಿಯಂತ್ರಣ ರೇಖೆ ಅಂತ ಒಂದು ಗೆರೆ ಇದೆ. ನಮ್ಮ ಸೈನ್ಯ ಆ ಗೆರೆ ದಾಟಬಾರದು ಅಂತ ಸರ್ಕಾರ ತೀರ್ಮಾನಿಸಿತು. ಹಿಂದಿನ ವರ್ಷ, 1998ರಲ್ಲಿ, ಎರಡೂ ದೇಶಗಳು ಅಣುಬಾಂಬ್ ಪರೀಕ್ಷೆ ಮಾಡಿದ್ದವು. ಯುದ್ಧ ಹರಡಿದರೆ ಗತಿ ಏನು? ಹಾಗಾಗಿ ಗೆರೆ ದಾಟಿ ಹಿಂದಿನಿಂದ ಸುತ್ತುವರಿಯುವ ಹಾಗಿರಲಿಲ್ಲ. ನಮ್ಮ ಕಡೆಯಿಂದಲೇ ಕಡಿದಾದ ಗುಡ್ಡ ಹತ್ತಬೇಕಾಯಿತು. ನೋಡಿ, ದೆಹಲಿಯಲ್ಲಿ ಆದ ತೀರ್ಮಾನದ ಭಾರ ಗುಡ್ಡ ಹತ್ತುವ ಹುಡುಗನ ಬೆನ್ನಿಗೆ ಬಿತ್ತು.

ಮೇ ತಿಂಗಳಲ್ಲಿ ಗ್ರೆನೇಡಿಯರ್ಸ್ ಪಡೆಯವರು ಹತ್ತಿದರು. ಮೇಲಿಂದ ಗುಂಡಿನ ಮಳೆ. ಮೇಜರ್ ರಾಜೇಶ್ ಅಧಿಕಾರಿ ಮಡಿದರು. ವಾರಗಟ್ಟಲೆ ಗುಡ್ಡ ಕೈಗೆ ಬರಲಿಲ್ಲ. ಆಮೇಲೆ ಬೋಫೋರ್ಸ್ ಫಿರಂಗಿಗಳು ಶಿಖರದ ಮೇಲೆ ಗುಂಡು ಸುರಿಸಿದವು. ಜೂನ್ 12ರ ರಾತ್ರಿ ರಜಪೂತಾನಾ ರೈಫಲ್ಸ್‌ನವರು ಹತ್ತಿದರು. ಮೇಜರ್ ವಿವೇಕ್ ಗುಪ್ತಾ ಆ ಹೋರಾಟದಲ್ಲಿ ಜೀವ ಕೊಟ್ಟರು. 13ರಂದು ಗುಡ್ಡ ನಮ್ಮದಾಯಿತು.

ಅಲ್ಲಿಗೆ ಯುದ್ಧ ಮುಗಿಯಿತಾ? ಇಲ್ಲ. ಆದರೆ ದಾರಿ ತಿಳಿಯಿತು, ಧೈರ್ಯ ಬಂತು. ಅಕ್ಕಪಕ್ಕದ ಶಿಖರಗಳನ್ನು ಒಂದೊಂದಾಗಿ ಹತ್ತಿದರು. ಜುಲೈ 4ರಂದು ಟೈಗರ್ ಹಿಲ್ ಸಿಕ್ಕಿತು. ಅದೇ ದಿನ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕ್ಲಿಂಟನ್ ಜೊತೆ ಮಾತಾಡಿ, ಸೈನಿಕರನ್ನು ಹಿಂದೆ ಕರೆಸಲು ಒಪ್ಪಿದರು. ಜುಲೈ 26ಕ್ಕೆ ಯುದ್ಧ ಮುಗಿಯಿತು. ಗುಡ್ಡದ ಮೇಲಿನ ಗೆಲುವೂ ಬೇಕಾಯಿತು, ಮೇಜಿನ ಮುಂದೆ ಕೂತು ಆಡಿದ ಮಾತೂ ಬೇಕಾಯಿತು.

ಭಾರತದ 527 ಸೈನಿಕರು ಮಡಿದರು. ಆ ಕಡೆಯೂ ನೂರಾರು ಮಂದಿ ಸತ್ತರು. ಒಂದೊಂದು ಲೆಕ್ಕದ ಹಿಂದೆ ಒಂದೊಂದು ಮನೆ ಇದೆ, ಒಬ್ಬ ತಾಯಿ ಇದ್ದಾಳೆ. ಗೆದ್ದೆವು ಅಂತ ಹೇಳುವಾಗ ಇದನ್ನೂ ಹೇಳಬೇಕು.

ತೋಲೋಲಿಂಗ್‌ನ ಬುಡದಲ್ಲಿ ಈಗ ಸ್ಮಾರಕ ಇದೆ. ಮಡಿದವರ ಹೆಸರುಗಳನ್ನು ಗೋಡೆಯ ಮೇಲೆ ಕೆತ್ತಿದ್ದಾರೆ.

ಬನ್ನಿ, ಗೋಡೆಯ ಮೇಲಿನ ನಕಾಶೆ ನೋಡೋಣ. ಶ್ರೀನಗರ ಎಲ್ಲಿದೆ? ಲೇಹ್ ಎಲ್ಲಿದೆ? ನಡುವೆ ಬೆರಳು ಇಟ್ಟು ದ್ರಾಸ್ ಅಂತ ಓದಿ. ಆ ರಸ್ತೆಗಾಗಿಯೇ ಅಷ್ಟು ಜೀವ ಹೋದದ್ದು.