ನಮ್ಮ ಪತ್ರದ ಕೀಲಿ ಯಾರ ಕೈಯಲ್ಲಿ?



ನಮ್ಮ ಕರೋಶಿಯ ಹುಡುಗನೊಬ್ಬ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದ. ಅವನ ಇ-ಮೇಲ್ ವಿಳಾಸವನ್ನು ಅರ್ಜಿ ತುಂಬಿದ ಅಂಗಡಿಯವರೇ ಮಾಡಿಕೊಟ್ಟಿದ್ದರು. ಪಾಸ್‌ವರ್ಡ್ ಹುಡುಗನಿಗೆ ಗೊತ್ತಿರಲಿಲ್ಲ. ದಾಖಲೆ ಕೇಳಿ ಬಂದ ಪತ್ರವನ್ನು ಯಾರೂ ತೆರೆಯಲಿಲ್ಲ, ಗಡುವು ಮುಗಿದುಹೋಯಿತು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ: ನಮ್ಮ ಪತ್ರದ ಕೀಲಿ ಯಾರ ಕೈಯಲ್ಲಿದೆ?

ಇ-ಮೇಲ್ ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ವಿಳಾಸದಲ್ಲಿ ‘ಅಟ್’ ಚಿಹ್ನೆ ಬಳಸಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಿದರು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ 1996ರಲ್ಲಿ ಜಾಕ್ ಸ್ಮಿತ್ ಜೊತೆ ಹಾಟ್‌ಮೇಲ್ ಆರಂಭಿಸಿದರು. ಪತ್ರ ಸಾಗಿಸುವ ನಿಯಮಗಳು ಎಲ್ಲರಿಗೂ ಮುಕ್ತವಾಗಿವೆ. ಆದ್ದರಿಂದ ಮನೆಯಲ್ಲೂ ಮೇಲ್ ಸರ್ವರ್ ಇಡಬಹುದು.

ಅದಕ್ಕೆ ಹಳೆಯ ಕಂಪ್ಯೂಟರ್, ಲಿನಕ್ಸ್ ಮತ್ತು ಎರಡು ಉಚಿತ ತಂತ್ರಾಂಶಗಳು ಸಾಕು. ಪೋಸ್ಟ್‌ಫಿಕ್ಸ್ ಅಂಚೆಯವನಂತೆ ಪತ್ರ ತರುತ್ತದೆ, ಒಯ್ಯುತ್ತದೆ. ಡವ್‌ಕಾಟ್ ಪೆಟ್ಟಿಗೆ ತೆರೆದು ನಮಗೆ ತೋರಿಸುತ್ತದೆ. ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಒಂದು ಡೊಮೇನ್ ಹೆಸರು ಪಡೆಯಬೇಕು. ಅದರ ಎಂ.ಎಕ್ಸ್. ದಾಖಲೆ ಪತ್ರ ಯಾವ ಸರ್ವರಿಗೆ ಹೋಗಬೇಕೆಂದು ಹೇಳುತ್ತದೆ. ‘ಕರೆಂಟ್ ಹೋದರೆ?’ ಎಂದು ನೀವು ಕೇಳಬಹುದು. ಚಿಂತೆ ಬೇಡ. ಕಳಿಸುವ ಸರ್ವರ್ ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ನಿಜವಾದ ತೊಡಕು ಕಳಿಸುವುದರಲ್ಲಿದೆ. ಮನೆಯ ಸಂಪರ್ಕದ ಐ.ಪಿ. ವಿಳಾಸ ಆಗಾಗ ಬದಲಾಗುತ್ತದೆ. ಪತ್ರ ಸಾಗುವ 25ನೇ ಪೋರ್ಟನ್ನು ಹಲವು ಕಡೆ ಮುಚ್ಚಿರುತ್ತಾರೆ. ಸ್ಥಿರ ಐ.ಪಿ. ಬೇಕು. ಪತ್ರ ನಮ್ಮದೇ ಎಂದು ಸಾಬೀತುಪಡಿಸಲು ಎಸ್.ಪಿ.ಎಫ್., ಡಿಕಿಮ್, ಡಿಮಾರ್ಕ್ ದಾಖಲೆಗಳೂ ಬೇಕು. ಇಲ್ಲವಾದರೆ ನಮ್ಮ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವ ಹೆಚ್ಚು. ಸರ್ವರನ್ನು ಎಲ್ಲರಿಗೂ ತೆರೆದಿಟ್ಟರೆ ಕಿಡಿಗೇಡಿಗಳು ಅದರಿಂದಲೇ ಸ್ಪ್ಯಾಮ್ ಹಂಚುತ್ತಾರೆ. ಬ್ಯಾಕಪ್ ಇಲ್ಲದೆ ಡಿಸ್ಕ್ ಕೆಟ್ಟರೆ ಹಳೆಯ ಪತ್ರಗಳೆಲ್ಲ ಹೋದಂತೆಯೇ.

ಆದ್ದರಿಂದ ವಿದ್ಯಾರ್ಥಿಗಳೇ, ಮೊದಲು ಕಲಿಯುವುದಕ್ಕಾಗಿ ಮಾತ್ರ ಇದನ್ನು ಕಟ್ಟಿ. ಅರ್ಜಿಗಳಿಗೆ ಸದ್ಯ ಸಾಮಾನ್ಯ ವಿಳಾಸವೇ ಇರಲಿ. ಆದರೆ ಅದನ್ನು ನಿಮ್ಮ ಕೈಯಾರೆ ತೆರೆಯಿರಿ, ನಿಮ್ಮ ಮನೆಯ ಮೊಬೈಲ್ ಸಂಖ್ಯೆಯನ್ನೇ ಕೊಡಿ, ವಾರಕ್ಕೆರಡು ಬಾರಿಯಾದರೂ ನೋಡಿ. ಸದಸ್ಯರಲ್ಲಿ ನನ್ನ ವಿನಂತಿ: ಅರ್ಜಿ ತುಂಬಿಸುವಾಗ ಮಗುವಿಗೆ ಪಾಸ್‌ವರ್ಡನ್ನೂ ಬರೆದುಕೊಡಿ. ಸರ್ವರ್ ಕಟ್ಟಲು ತಿಂಗಳುಗಳು ಬೇಕಾದಾವು. ಈ ಕೆಲಸಕ್ಕೆ ಐದು ನಿಮಿಷ ಸಾಕು.