ಮಗುವಿನ ಕಾಲಲ್ಲಿ ಬಲ ಕುಂದಿದಾಗ

(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ನೂರು ವರ್ಷಗಳಲ್ಲಿ ನಮ್ಮ ದೇವಾಲಯದ ಜ್ಞಾನಸ್ನಾನದ ಪುಸ್ತಕದಲ್ಲಿ ಎಷ್ಟೋ ಶಿಶುಗಳ ಹೆಸರುಗಳು ದಾಖಲಾಗಿವೆ. ಪ್ರತಿಯೊಂದು ಹೆಸರಿನ ಹಿಂದೆಯೂ ಮಗು ಎದ್ದು ನಡೆಯುವ ದಿನಕ್ಕಾಗಿ ಕಾದ ಒಂದು ಮನೆಯಿತ್ತು. ಕೆಲವು ಮನೆಗಳಲ್ಲಿ ಆ ದಿನ ಬರುವುದೇ ಇಲ್ಲ. ಇನ್ನು ಕೆಲವು ಮನೆಗಳಲ್ಲಿ ಓಡಾಡುತ್ತಿದ್ದ ಮಗುವೇ ಮೆಲ್ಲನೆ ಎಡವತೊಡಗುತ್ತದೆ. ಕಾರಣ ತಿಳಿಯದ ಇಂಥ ಸ್ನಾಯುದೌರ್ಬಲ್ಯದ ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯೇ ಒಂದು ಪಾಠವನ್ನು ಕಲಿಸಿದೆ. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ, ಬಡ ಕೃಷಿಕಾರ್ಮಿಕರ ಮನೆಗಳಲ್ಲಿ, ಸೊಂಟ ಮತ್ತು ಮೊಣಕಾಲಿನ ನೋವಿನಿಂದ ಜನರು ನಡೆಯಲಾರದೆ ಹೋಗುತ್ತಿರುವುದು ಬೆಳಕಿಗೆ ಬಂತು. ಗದ್ದೆಗೆ ಸಿಂಪಡಿಸಿದ ಕೀಟನಾಶಕ, ಆ ಗದ್ದೆಯ ಏಡಿಯನ್ನು ತಿಂದದ್ದು ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಮುಂದೆ ತಜ್ಞರು ಕುಟುಂಬಗಳ ವಂಶಾವಳಿಯನ್ನೂ ಎಕ್ಸ್‌ರೇಗಳನ್ನೂ ಪರಿಶೀಲಿಸಿದಾಗ, ಅದು ವಂಶಪಾರಂಪರ್ಯವಾಗಿ ಬರುವ ಎಲುಬು-ಕೀಲುಗಳ ರೋಗವೆಂದು ಕಂಡುಬಂತು. ಅದು ಸ್ನಾಯುರೋಗವಲ್ಲ. ಆದರೂ ಅದರಿಂದ ನಾವು ತಿಳಿಯಬೇಕಾದದ್ದಿದೆ: ನಡೆಯಲಾರದಿರುವುದಕ್ಕೆ ಕಾರಣಗಳು ಹಲವು, ಅವು ಊಹೆಗೆ ಸಿಕ್ಕುವುದಿಲ್ಲ, ಪರೀಕ್ಷೆಗೆ ಸಿಕ್ಕುತ್ತವೆ.

ಹಾಗಾದರೆ ತಾಯ್ತಂದೆಯರು ಗಮನಿಸಬೇಕಾದದ್ದೇನು? ಎಳೆಗೂಸು ಬಟ್ಟೆಯ ಬೊಂಬೆಯಂತೆ ಜೋಲುವುದು, ಅಳುವ ದನಿ ಕ್ಷೀಣವಾಗಿರುವುದು, ಕತ್ತು ನಿಲ್ಲದಿರುವುದು, ಒಂದೂವರೆ ವರ್ಷ ತುಂಬಿದರೂ ನಡೆಯದಿರುವುದು, ಮೆಟ್ಟಿಲೇರಲು ಕಷ್ಟಪಡುವುದು, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಮೇಲೇರುವುದು. ಕೊನೆಯ ಲಕ್ಷಣವನ್ನು ಇಂಗ್ಲೆಂಡಿನ ವೈದ್ಯ ಗೋವರ್ಸ್ 1879ರಲ್ಲಿಯೇ ವಿವರಿಸಿದ್ದರು. ಮೀನಖಂಡ ದಪ್ಪಗಿದ್ದ ಮಾತ್ರಕ್ಕೆ ಕಾಲು ಗಟ್ಟಿಯೆಂದು ಭಾವಿಸಬಾರದು. ಡುಶೆನ್ ಎಂಬ ಸ್ನಾಯುಕ್ಷಯದಲ್ಲಿ ಅದೂ ಒಂದು ಲಕ್ಷಣ.

ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಹಠಾತ್ತನೆ ಬಲ ಕುಂದಿದರೆ ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು. ಉಸಿರಾಟದ ಸ್ನಾಯುಗಳೂ ಸೋಲಬಹುದು. ಭಾರತವು 2014ರಲ್ಲಿ ಪೋಲಿಯೋಮುಕ್ತವೆಂದು ಪ್ರಮಾಣೀಕೃತವಾದರೂ, 15 ವರ್ಷದೊಳಗಿನ ಮಕ್ಕಳಲ್ಲಿ ಇಂಥ ದೌರ್ಬಲ್ಯ ಕಂಡರೆ ವರದಿಮಾಡಿ ಮಲದ ಎರಡು ಮಾದರಿಗಳನ್ನು ಪರೀಕ್ಷಿಸುವ ಕ್ರಮವಿದೆ.

ದೌರ್ಬಲ್ಯವು ನಿಧಾನವಾಗಿ ಬಂದಿದ್ದರೆ, ಮೊದಲು ಮಾಡಿಸಬೇಕಾದ ಪರೀಕ್ಷೆಗಳಲ್ಲಿ ಒಂದು ರಕ್ತದ ಸಿಪಿಕೆ. ಡುಶೆನ್ ರೋಗದಲ್ಲಿ ಇದರ ಪ್ರಮಾಣ ಸಹಜಕ್ಕಿಂತ ಹತ್ತಾರು ಪಟ್ಟು ಏರುತ್ತದೆ. ಪಿತ್ತಜನಕಾಂಗದ ಪರೀಕ್ಷೆಯಲ್ಲಿ ಬರುವ ಎಸ್‌ಜಿಒಟಿ, ಎಸ್‌ಜಿಪಿಟಿಗಳು ಸ್ನಾಯುಗಳಲ್ಲಿಯೂ ಇರುವುದರಿಂದ ಅವೂ ಏರುತ್ತವೆ. ಇದನ್ನೇ ಕಾಮಾಲೆಯ ದೋಷವೆಂದು ತಿಳಿದು ತಿಂಗಳುಗಟ್ಟಲೆ ಮದ್ದು ಕುಡಿಸುವುದುಂಟು. ಸಿಪಿಕೆ ಸಹಜವಾಗಿದ್ದರೂ ನಿಶ್ಚಿಂತರಾಗುವಂತಿಲ್ಲ. ಬೆನ್ನುಹುರಿಯ ನರಕೋಶಗಳು ಕ್ಷಯಿಸುವ ಎಸ್‌ಎಂಎ ರೋಗದಲ್ಲಿ ಅದು ಬಹುತೇಕ ಸಹಜವಾಗಿಯೇ ಇರುತ್ತದೆ. ಅದನ್ನು ರಕ್ತದ ಜೀನ್ ಪರೀಕ್ಷೆಯಿಂದ ಗುರುತಿಸುತ್ತಾರೆ. ಥೈರಾಯ್ಡ್ ಕೊರತೆ, ಡಿ ಜೀವಸತ್ವದ ಕೊರತೆಗಳಿಂದಲೂ ಬಲ ಕುಂದಬಹುದು. ಅವು ಚಿಕಿತ್ಸೆಗೆ ಮಣಿಯುತ್ತವೆ.

ವಾಸಿಯಾಗದ ರೋಗಕ್ಕೆ ಹೆಸರು ಹುಡುಕಿ ಫಲವೇನೆಂದು ಕೆಲವರು ಕೇಳುತ್ತಾರೆ. ಫಲವಿದೆ. ಡುಶೆನ್ ರೋಗದಲ್ಲಿ ಸ್ಟೀರಾಯ್ಡ್ ಔಷಧಿ ಮಗು ನಡೆಯುವ ಕಾಲವನ್ನು ಹೆಚ್ಚಿಸುತ್ತದೆ. ಎಸ್‌ಎಂಎ ರೋಗಕ್ಕೆ 2016ರಿಂದೀಚೆಗೆ ಔಷಧಿಗಳು ಬಂದಿವೆ. ಅವು ಬೇಗ ಆರಂಭಿಸಿದಷ್ಟೂ ಹೆಚ್ಚು ಫಲಕಾರಿ, ಆದರೆ ಬಹಳ ದುಬಾರಿ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಡಿ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ. ರೋಗ ಯಾವುದೆಂದು ನಿರ್ಣಯವಾಗದೆ ಈ ಬಾಗಿಲುಗಳು ತೆರೆಯುವುದಿಲ್ಲ.

ದಾರಿ ನಮ್ಮಲ್ಲಿಯೇ ಆರಂಭವಾಗುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತೋರಿಸಿ, ಅಗತ್ಯವಿದ್ದರೆ ಪತ್ರ ಪಡೆದು ಬೆಂಗಳೂರಿನ ನಿಮ್ಹಾನ್ಸ್‌ಗೆ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಹೋಗಬೇಕು. ಹಳೆಯ ಚೀಟಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ. ಮಗು ಯಾವ ತಿಂಗಳಲ್ಲಿ ಕುಳಿತಿತು, ಎಂದು ನಡೆಯಿತು, ಎಂದಿನಿಂದ ಬೀಳತೊಡಗಿತು ಎಂಬುದನ್ನು ಬರೆದಿಡಿ.

ಕೊನೆಯದಾಗಿ, ನಮ್ಮೆಲ್ಲರ ಕರ್ತವ್ಯದ ಮಾತು. ಇಂಥ ಮಗುವನ್ನು ಸೋಮಾರಿಯೆನ್ನಬಾರದು; ತಾಯಿಯನ್ನು ದೂರಲೇಬಾರದು. ಡುಶೆನ್ ರೋಗದಲ್ಲಿ ಸುಮಾರು ಮೂರನೆಯ ಒಂದು ಭಾಗದ ಪ್ರಸಂಗಗಳು ತಾಯಿಯಿಂದ ಬಂದವಲ್ಲ, ಹೊಸದಾಗಿ ಉಂಟಾದವು. ತಾಯಿಯಿಂದ ಬಂದಿದ್ದರೂ ಅದು ಆಕೆಯ ಅಪರಾಧವಲ್ಲ. ಪಾರ್ಶ್ವವಾಯು ರೋಗಿಯನ್ನು ಯೇಸುಸ್ವಾಮಿಯ ಬಳಿಗೆ ಹೊತ್ತು ತಂದ ನಾಲ್ವರು ಆತನ ಪಾಪಪುಣ್ಯಗಳನ್ನು ಲೆಕ್ಕ ಹಾಕುತ್ತ ನಿಲ್ಲಲಿಲ್ಲ. ಮನೆಯ ಮಾಡನ್ನೇ ತೆರೆದರು. ಬೆಂಗಳೂರಿಗೆ ಒಮ್ಮೆ ಹೋಗಿಬಂದರೆ ಕೂಲಿಯವರ ಮನೆಯಲ್ಲಿ ಎರಡು ದಿನದ ಸಂಪಾದನೆ ನಿಲ್ಲುತ್ತದೆ. ಆ ದಿನ ರೈಲಿನಲ್ಲಿ ಜೊತೆಗೆ ಹೋಗುವವರು ಒಬ್ಬರು, ಉಳಿದ ಮಕ್ಕಳಿಗೆ ಊಟವಿಡುವವರು ಒಬ್ಬರು, ಅರ್ಜಿ ತುಂಬಿಕೊಡುವವರು ಒಬ್ಬರು, ಖರ್ಚಿಗೆ ಕೈಜೋಡಿಸುವವರು ಒಬ್ಬರು ನಮ್ಮ ಪ್ರತಿ ವಾರ್ಡಿನಲ್ಲಿಯೂ ಮುಂದೆ ಬರಲಿ ಎಂದು ವಿನಂತಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.